ಎಲ್ಲ ಲೆಕ್ಕಕ್ಕೂ ಒಂದೇ ವಿಶ್ವಗಣ ಯಾಕಿಲ್ಲ?

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಗಣಗಳ ಪಾಠದಲ್ಲಿ ಒಂದೊಂದು ಲೆಕ್ಕಕ್ಕೆ ಒಂದೊಂದು ವಿಶ್ವಗಣ ಕೊಡುತ್ತಾರೆ. ಎಲ್ಲವೂ ಇರುವ ಒಂದೇ ದೊಡ್ಡ ಗಣ ಇಟ್ಟುಕೊಂಡರೆ ಆಗುವುದಿಲ್ಲವೇ? – ಡೊಂಬಿವಲಿಯ ಓದುಗರು

ಉತ್ತರ: ಆಗುವುದಿಲ್ಲ. ಈ ಲೆಕ್ಕದಲ್ಲಿ ನಾವು ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದಕ್ಕೆ ಹಾಕಿಕೊಂಡ ಗಡಿಯೇ ವಿಶ್ವಗಣ. ಗಣಗಳನ್ನು ವೃತ್ತಗಳಾಗಿ ಬರೆಯುವ ವೆನ್ ಚಿತ್ರದಲ್ಲಿ ಆ ವೃತ್ತಗಳ ಸುತ್ತ ಎಳೆಯುವ ಆಯತ ಇದೆಯಲ್ವಾ, ಅದು ಇದೇ.

ಗಡಿ ಯಾಕೆ ಬೇಕು ಅನ್ನುವುದು ಪೂರಕ ಗಣ, ಅಂದರೆ ವಿಶ್ವಗಣದಲ್ಲಿದ್ದು ಕೊಟ್ಟ ಗಣದಲ್ಲಿ ಇಲ್ಲದವುಗಳ ಗಣ, ಬರೆಯುವಾಗ ಗೊತ್ತಾಗುತ್ತದೆ. ಮುಂಬೈ ಲೋಕಲ್ ರೈಲಿನ ವೆಸ್ಟರ್ನ್ ಲೈನಿನಲ್ಲಿ ಚರ್ಚ್‌ಗೇಟ್‌ನಿಂದ ಬೋರಿವಲಿವರೆಗಿನ ಸ್ಟೇಷನ್‌ಗಳು ವಿಶ್ವಗಣ ಅಂದುಕೊಳ್ಳಿ. ಅವುಗಳಲ್ಲಿ ಫಾಸ್ಟ್ ಲೋಕಲ್ (ಕೆಲವು ಸ್ಟೇಷನ್‌ಗಳಲ್ಲಷ್ಟೇ ನಿಲ್ಲುವ ರೈಲು) ನಿಲ್ಲುವಂಥವು ಗಣ ‘ಎ’: ದಾದರ್, ಬಾಂದ್ರಾ, ಅಂಧೇರಿ ಹೀಗೆ. ಇದರ ಪೂರಕ ಗಣದಲ್ಲಿ ಮಾಟುಂಗಾ ರೋಡ್, ಮಾಹಿಮ್ ಬರುತ್ತವೆ. ಅಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುತ್ತದೆ. ಈಗ ‘ಎ’ಯನ್ನು ಮುಟ್ಟಬೇಡಿ, ವಿಶ್ವಗಣವನ್ನು ಮಾತ್ರ ಮುಂಬೈಯ ಎಲ್ಲ ಲೋಕಲ್ ಸ್ಟೇಷನ್‌ಗಳಿಗೆ ಹಿಗ್ಗಿಸಿ. ಕುರ್ಲಾ, ಠಾಣೆ, ನಿಮ್ಮ ಡೊಂಬಿವಲಿ ಎಲ್ಲವೂ ಪೂರಕ ಗಣಕ್ಕೆ ಬಂದುಬಿಡುತ್ತವೆ. ಡೊಂಬಿವಲಿಯಲ್ಲಿ ಸೆಂಟ್ರಲ್ ಲೈನಿನ ಫಾಸ್ಟ್ ನಿಲ್ಲುತ್ತದೆ! ‘ಎ’ಯಲ್ಲಿ ಇಲ್ಲದ್ದೆಲ್ಲ ಸ್ಲೋ ಸ್ಟೇಷನ್ ಎಂದು ಈಗ ಹೇಳುವಂತಿಲ್ಲ.

ಸಂಖ್ಯೆಗಳಲ್ಲೂ ಹೀಗೇ. ಎರಡರಿಂದ ಗುಣಿಸಿದರೆ 5 ಬರುವ ಸಂಖ್ಯೆಗಳ ಗಣ ಬರೆಯಿರಿ. ವಿಶ್ವಗಣ ಪೂರ್ಣಾಂಕಗಳಾದರೆ ಅದು ಒಳಗೆ ಏನೂ ಇಲ್ಲದ ಶೂನ್ಯಗಣ. ಭಿನ್ನರಾಶಿಗಳೂ ಸೇರಿದ ಭಾಗಲಬ್ಧ ಸಂಖ್ಯೆಗಳಾದರೆ ಅದರಲ್ಲಿ 2.5 ಇದೆ.

ಇನ್ನು ‘ಎಲ್ಲವೂ ಇರುವ ಗಣ’. ನನಗೆ ಗಣಗಳ ಪಾಠದಲ್ಲಿ ಅತಿ ಇಷ್ಟವಾದ ಜಾಗ ಇದು. ಎಲ್ಲವೂ ಅಂದಮೇಲೆ ಅದರಲ್ಲಿ ಎಲ್ಲ ಗಣಗಳೂ ಇರಬೇಕು. ಅವುಗಳಲ್ಲಿ ತನ್ನೊಳಗೆ ತಾನೇ ಗಣಾಂಶವಾಗಿ (ಗಣದೊಳಗಿನ ಒಂದು ಸದಸ್ಯವಾಗಿ) ಇಲ್ಲದಂಥ ಗಣಗಳನ್ನಷ್ಟೇ ಆರಿಸಿ ಒಂದು ಹೊಸ ಗಣ ಮಾಡಿ. ಈ ಹೊಸ ಗಣ ತನ್ನೊಳಗೆ ತಾನು ಇದೆಯೇ? ಇದೆ ಅಂದರೆ, ಆರಿಸಿದ ನಿಯಮದ ಪ್ರಕಾರ ಇರಬಾರದು. ಇಲ್ಲ ಅಂದರೆ, ಅದೇ ನಿಯಮದ ಪ್ರಕಾರ ಇರಲೇಬೇಕು. ಬ್ರಿಟಿಷ್ ತತ್ವಜ್ಞಾನಿ, ಗಣಿತಜ್ಞ ಬರ್ಟ್ರಂಡ್ ರಸೆಲ್ 1901ರಲ್ಲಿ ಈ ತೊಡಕನ್ನು ಕಂಡರು. 1908ರಲ್ಲಿ ಜರ್ಮನ್ ಗಣಿತಜ್ಞ ಜರ್ಮೆಲೊ ಗಣಗಳಿಗೆ ನಿಯಮ ಕಟ್ಟುವಾಗ, ನಿಯಮ ಹೇಳಿ ಆರಿಸುವುದಿದ್ದರೆ ಮೊದಲೇ ಇರುವ ಗಣದಿಂದ ಮಾತ್ರ ಆರಿಸಿ ಉಪಗಣ ಮಾಡಬಹುದು ಎಂದಿಟ್ಟರು. ಎಲ್ಲ ಗಣಗಳ ಗಣ ಇದ್ದರೆ ಅದರಿಂದ ಮೇಲಿನ ಹೊಸ ಗಣವನ್ನೂ ಆರಿಸಬಹುದು, ಮತ್ತೆ ಅದೇ ತೊಡಕು. ಹಾಗಾಗಿ ಆ ನಿಯಮಗಳಲ್ಲಿ ಎಲ್ಲ ಗಣಗಳ ಗಣ ಎಂಬುದು ಇರುವುದೇ ಸಾಧ್ಯವಿಲ್ಲ.

ಮಗಳಿಗೆ ಇಷ್ಟೆಲ್ಲ ಈಗಲೇ ಬೇಡ. ಪೂರಕ ಗಣ ಕೇಳಿದಾಗ ಮೊದಲು ವಿಶ್ವಗಣದ ಗಣಾಂಶಗಳನ್ನು ಪೂರ್ತಿ ಬರೆದುಕೊಂಡು, ಆಮೇಲೆ ‘ಎ’ಯಲ್ಲಿರುವುದನ್ನು ಹೊಡೆದುಹಾಕಲಿ. ಉಳಿದದ್ದೇ ಉತ್ತರ.