ಪ್ರಕೃತಿ ನಾಶಕ್ಕೆ ಶಿಕ್ಷೆ: ಕ್ವೇಕರರು ಎತ್ತುವ ಪ್ರಶ್ನೆ

ಒಂದು ಕಾಲದಲ್ಲಿ ಆಫ್ರಿಕಾದ ಜನರನ್ನು ಹಡಗಿಗೆ ತುಂಬಿ ಮಾರುವುದು ಕಾನೂನು ಒಪ್ಪಿದ ವ್ಯಾಪಾರವಾಗಿತ್ತು. ಅದಕ್ಕೆ ವಿಮೆ ಇತ್ತು, ಸಾಲ ಸಿಗುತ್ತಿತ್ತು, ಸಂಸತ್ತಿನಲ್ಲಿ ಅದರ ಪರ ಮಾತಾಡುವವರಿದ್ದರು. ಇದನ್ನು ನಿಲ್ಲಿಸಿ ಎಂದು 1783ರಲ್ಲಿ ಬ್ರಿಟಿಷ್ ಸಂಸತ್ತಿಗೆ ಅರ್ಜಿ ಕೊಟ್ಟವರು ಕ್ವೇಕರರೆಂಬ ಕ್ರೈಸ್ತ ಪಂಗಡದವರು. 1787ರಲ್ಲಿ ಲಂಡನ್ನಿನಲ್ಲಿ ಇದರ ವಿರುದ್ಧ ಸಮಿತಿ ಕಟ್ಟಿದ 12 ಜನರಲ್ಲಿ 9 ಮಂದಿ ಅವರೇ. 1807ರಲ್ಲಿ ನಿಷೇಧ ಬಂತು. ಆದರೆ ಸಿಕ್ಕಿಬಿದ್ದರೆ ದಂಡ ಕಟ್ಟಬೇಕಿತ್ತು, ಹಡಗು ಕಳೆದುಕೊಳ್ಳಬೇಕಿತ್ತು, ಅಷ್ಟೇ. ಅದನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಂಡು ದಂಧೆ ನಡೆಸುವವರು ಉಳಿದರು. 1811ರಲ್ಲಿ ಇನ್ನೊಂದು ಕಾಯ್ದೆ ಬಂತು. ತಪ್ಪು ಮಾಡಿದವನನ್ನೇ 14 ವರ್ಷದವರೆಗೆ ದೇಶದಾಚೆ ಅಟ್ಟಬಹುದು ಎಂದಿತು. ಆಗ ಲೆಕ್ಕ ಬದಲಾಯಿತು.

ಅಂತರರಾಷ್ಟ್ರೀಯ ಅಪರಾಧ ಕಾನೂನಿನ ಪಾಠದಲ್ಲಿ ಎಕೋಸೈಡ್, ಅಂದರೆ ಪ್ರಕೃತಿಯ ಭಾರೀ ನಾಶವೆಂಬ ಅಪರಾಧದ ಮಾತು ಬಂದಾಗ ನಾನು 1807, 1811 ಈ ಎರಡು ಇಸವಿಗಳಿಂದಲೇ ಶುರು ಮಾಡುತ್ತೇನೆ. ಇವತ್ತು ನದಿಗೆ ವಿಷ ಬಿಡುವ, ಕಾಡು ಬೋಳಿಸುವ ದೊಡ್ಡ ಕಂಪನಿಗಳ ಸ್ಥಿತಿ 1807ರ ಹಡಗು ಮಾಲೀಕರ ಸ್ಥಿತಿಯೇ. ದಂಡ ಕಟ್ಟುತ್ತಾರೆ, ಮುಂದೆ ಹೋಗುತ್ತಾರೆ. ತೀರ್ಮಾನ ತೆಗೆದುಕೊಂಡ ವ್ಯಕ್ತಿಯ ಹೆಸರು ಆರೋಪಪಟ್ಟಿಯಲ್ಲಿ ಬರುವುದು ಅಪರೂಪ.

ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ ನಾಲ್ಕು ಅಪರಾಧಗಳನ್ನಷ್ಟೇ ವಿಚಾರಿಸುತ್ತದೆ: ನರಮೇಧ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ. ಪರಿಸರದ ಹೆಸರು ನೇರವಾಗಿ ಬರುವುದು ಯುದ್ಧಾಪರಾಧದ ಒಂದು ಉಪವಾಕ್ಯದಲ್ಲಿ ಮಾತ್ರ. ಅದರಡಿ ಈವರೆಗೆ ಯಾರಿಗೂ ಶಿಕ್ಷೆಯಾಗಿಲ್ಲ. ವಿಯೆಟ್ನಾಂ ಕಾಡುಗಳ ಮೇಲೆ ಅಮೆರಿಕ ಏಜೆಂಟ್ ಆರೆಂಜ್ ಎಂಬ ಎಲೆ ಉದುರಿಸುವ ವಿಷ ಸುರಿಯುತ್ತಿದ್ದಾಗ, 1970ರಲ್ಲಿ, ಆರ್ಥರ್ ಗಾಲ್ಸ್ಟನ್ ಎಂಬ ಸಸ್ಯವಿಜ್ಞಾನಿ ಎಕೋಸೈಡ್ ಅನ್ನುವ ಹೆಸರಿಟ್ಟರು. 1990ರ ದಶಕದಲ್ಲಿ ಕೋರ್ಟಿನ ಕರಡುಗಳು ತಯಾರಾಗುವಾಗ ಶಾಂತಿಕಾಲದ ಪರಿಸರ ನಾಶ ಪಟ್ಟಿಯಿಂದ ಬಿದ್ದುಹೋಯಿತು. ಸ್ಕಾಟ್ಲೆಂಡಿನ ವಕೀಲೆ ಪಾಲಿ ಹಿಗಿನ್ಸ್ 2019ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮತ್ತೆ ಮುಂದೆ ತರಲು ಹೋರಾಡಿದರು. 2021ರಲ್ಲಿ ಫಿಲಿಪ್ ಸ್ಯಾಂಡ್ಸ್ ಮತ್ತು ಡಿಯೊರ್ ಫಾಲ್ ಸೋ ನೇತೃತ್ವದ ತಜ್ಞರ ತಂಡ ಒಂದು ವ್ಯಾಖ್ಯೆ ಕೊಟ್ಟಿತು. ತೀವ್ರವಾದ, ಜೊತೆಗೆ ವ್ಯಾಪಕವಾದ ಅಥವಾ ಬಹುಕಾಲ ಉಳಿಯುವ ಹಾನಿ ಆಗುವ ಸಂಭವ ಜಾಸ್ತಿ ಇದೆ ಎಂದು ಗೊತ್ತಿದ್ದೂ, ಕಾನೂನು ಮೀರಿ ಅಥವಾ ಪರಿವೆಯಿಲ್ಲದೆ ಮಾಡಿದ ಕೆಲಸ ಅಪರಾಧ. ಇಲ್ಲಿ 'ಗೊತ್ತಿದ್ದೂ' ಎಂಬುದೇ ಮುಖ್ಯ. ಅಪಘಾತವನ್ನು ಈ ಕಾನೂನು ಹುಡುಕುವುದಿಲ್ಲ. ಎಚ್ಚರಿಕೆಯ ವರದಿ ಕೈಯಲ್ಲಿದ್ದೂ ಸಹಿ ಹಾಕಿದವನನ್ನು ಹುಡುಕುತ್ತದೆ.

ಇದರಲ್ಲಿ ಕ್ವೇಕರರಿಗೆ ಏನು ಕೆಲಸ ಎಂದು ಅನ್ನಿಸಬಹುದು. ಇವರು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಸುತ್ತ ಬೆಳೆದ ಕ್ರೈಸ್ತ ಪಂಗಡ. ಇವರ ಎಷ್ಟೋ ಸಭೆಗಳಲ್ಲಿ ಪಾದ್ರಿ ಇಲ್ಲ, ಮೌನವೇ ಪ್ರಾರ್ಥನೆ. ತೀರ್ಮಾನಕ್ಕೆ ಮತ ಹಾಕುವುದಿಲ್ಲ, ಎಲ್ಲರ ಮನಸ್ಸು ಒಂದಾಗುವವರೆಗೆ ಕಾಯುತ್ತಾರೆ. ಪ್ರತಿ ಮನುಷ್ಯನಲ್ಲೂ ದೇವರ ಅಂಶವಿದೆ ಎಂಬುದು ಅವರ ನಂಬಿಕೆಯ ಬೇರು. ಭೂಮಿಯ ಚಿಂತೆ ಅವರಿಗೆ ಹೊಸದಲ್ಲ. ಗುಲಾಮಗಿರಿ ವಿರೋಧಿಸಿದ ಅಮೆರಿಕದ ಕ್ವೇಕರ್ ಜಾನ್ ವೂಲ್ಮನ್ ಬಣ್ಣ ಹಾಕದ ಬಟ್ಟೆ ತೊಡುತ್ತಿದ್ದರು. ಹೊರಗಿನ ವೈಭವಕ್ಕಾಗಿ ಈಗ ಭೂಮಿಯನ್ನು ಬರಿದು ಮಾಡಿದರೆ ಮುಂದಿನ ತಲೆಮಾರಿಗೆ ಅನ್ಯಾಯ ಎಂದು ಅವರು 1772ರಲ್ಲೇ ಬರೆದರು. 2012ರಲ್ಲಿ ಕೀನ್ಯಾದ ಕಬರಾಕ್‌ನಲ್ಲಿ ಸೇರಿದ ಕ್ವೇಕರರ ಜಾಗತಿಕ ಸಮಾವೇಶ ಶಾಂತಿಯನ್ನೂ ಪರಿಸರ ನ್ಯಾಯವನ್ನೂ ಒಂದೇ ಕರೆಯಲ್ಲಿ ಸೇರಿಸಿತು.

ಆದರೆ ಇಲ್ಲೊಂದು ಗಂಟು ಇದೆ. ಇದೇ ಪಂಗಡ ಜೈಲು ಮತ್ತು ಶಿಕ್ಷೆಯನ್ನು ಮುನ್ನೂರು ವರ್ಷದಿಂದ ಪ್ರಶ್ನಿಸುತ್ತಾ ಬಂದಿದೆ. ಮರಣದಂಡನೆ ಬೇಡ ಎಂದು ಜಾನ್ ಬೆಲ್ಲರ್ಸ್ ಬರೆದದ್ದು 1699ರಲ್ಲಿ. ಎಲಿಜಬೆತ್ ಫ್ರೈ ಹೆಂಗಸರ ಜೈಲುಗಳ ನರಕವನ್ನು ಲೋಕಕ್ಕೆ ತೋರಿಸಿದರು. ಇಂಥವರು ಹೊಸ ಅಪರಾಧ ಸೇರಿಸಿ, ಜೈಲಿಗೆ ಹಾಕಿ ಎಂದು ಕೇಳುವುದು ಹೇಗೆ? ನನಗೆ ಈ ಹಿಂಜರಿಕೆಯಲ್ಲೇ ಜಾಸ್ತಿ ಸತ್ವ ಕಾಣುತ್ತದೆ. ನಾವು ವಕೀಲರು ಅಪರಾಧದ ವ್ಯಾಖ್ಯೆಯ ಒಂದೊಂದು ಪದಕ್ಕೂ ವರ್ಷಗಟ್ಟಲೆ ವಾದಿಸುತ್ತೇವೆ. ತೀರ್ಪಿನ ಮರುದಿನ ಆ ನದಿಗೆ ಏನಾಗಬೇಕು ಎಂದು ಅಷ್ಟು ಹೊತ್ತು ಯೋಚಿಸುವುದಿಲ್ಲ. ಕ್ವೇಕರರ ಕಣ್ಣಲ್ಲಿ ನ್ಯಾಯ ಅಂದರೆ ಮುರಿದದ್ದನ್ನು ಸರಿಮಾಡುವುದು. ತಪ್ಪಿತಸ್ಥ ಒಪ್ಪಿಕೊಳ್ಳಬೇಕು, ನೊಂದವರ ಮುಂದೆ ಕೂರಬೇಕು, ದುರಸ್ತಿಯಲ್ಲಿ ಪಾಲು ಹೊರಬೇಕು.

ಇದು ಸುಮ್ನೆ ಆದರ್ಶದ ಮಾತಲ್ಲ. 2012ರಲ್ಲಿ ಮಾಲಿ ದೇಶದ ಟಿಂಬಕ್ಟುವಿನಲ್ಲಿ ಸಂತರ ಸಮಾಧಿಗಳನ್ನು ಕೆಡವಿಸಿದ ಅಲ್ ಮಹ್ದಿ ಇದೇ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ. 2016ರಲ್ಲಿ 9 ವರ್ಷ ಜೈಲಾಯಿತು. ಮರುವರ್ಷ 27 ಲಕ್ಷ ಯೂರೋ ಪರಿಹಾರದ ಆದೇಶ ಬಂತು. ಅವನ ಬಳಿ ಹಣ ಇರಲಿಲ್ಲ, ಹಾಗಾಗಿ ಸಂತ್ರಸ್ತರ ನಿಧಿ ಮುಂದೆ ಬರಬೇಕಾಯಿತು. ಜೈಲು, ಕ್ಷಮೆ, ದುರಸ್ತಿ ಮೂರೂ ಒಂದೇ ಪ್ರಕರಣದಲ್ಲಿ ಸೇರಲು ಸಾಧ್ಯ ಎಂದು ಇದು ತೋರಿಸಿತು.

ಆದರೆ ಎಕೋಸೈಡ್‌ಗೆ ಇದೇ ದಾರಿ ಸಾಲದು. ಈ ಕೋರ್ಟ್ ಮನುಷ್ಯರನ್ನು ಮಾತ್ರ ವಿಚಾರಿಸುತ್ತದೆ, ಕಂಪನಿಯನ್ನಲ್ಲ. ಅಧಿಕಾರಿ ಜೈಲಿಗೆ ಹೋದರೂ ಲಾಭ ತಿಂದ ಖಜಾನೆ ಹಾಗೇ ಉಳಿಯುತ್ತದೆ. ಸಂತ್ರಸ್ತರು ಅಂದರೆ ಇಲ್ಲಿ ವ್ಯಕ್ತಿಗಳು, ಕೆಲವು ಸಂಸ್ಥೆಗಳು. ಕೆರೆ, ಕಾಡು, ಹವಳದ ದಿಬ್ಬ ಆ ಪಟ್ಟಿಯಲ್ಲಿಲ್ಲ. ಭೋಪಾಲದ ವಿಷ ಇನ್ನೂ ಅಲ್ಲಿನ ನೆಲ, ಅಂತರ್ಜಲದಲ್ಲಿದೆ ಎಂದು ತಿಳಿದ ನಮಗೆ ಈ ಕೊರತೆ ವಿವರಿಸಿ ಹೇಳಬೇಕಿಲ್ಲ, ಅಲ್ವಾ?

2024ರ ಸೆಪ್ಟೆಂಬರಿನಲ್ಲಿ ವನುವಾಟು, ಫಿಜಿ, ಸಮೋವಾ ದೇಶಗಳು ಎಕೋಸೈಡನ್ನು ಐದನೇ ಅಪರಾಧವಾಗಿ ಸೇರಿಸಲು ಔಪಚಾರಿಕ ಪ್ರಸ್ತಾವ ಕೊಟ್ಟಿವೆ. ಸಮುದ್ರ ಏರಿದರೆ ಪೆಟ್ಟು ತಿನ್ನುವ ದ್ವೀಪ ದೇಶಗಳು ಅವು. ಒಮ್ಮತ ಆಗದಿದ್ದರೆ ಸದಸ್ಯ ದೇಶಗಳ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಭಾರತ ಸದಸ್ಯನಲ್ಲ. ಆದರೂ ತಿದ್ದುಪಡಿ ಒಪ್ಪಿದ ದೇಶದ ನೆಲದಲ್ಲಿ ಗಣಿ ನಡೆಸುವ ಭಾರತೀಯ ಅಧಿಕಾರಿ ಅದರ ವ್ಯಾಪ್ತಿಗೆ ಬರಬಹುದು.

ಕ್ವೇಕರರಿಗೆ ಜಿನೀವಾ ಮತ್ತು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಕೆಲಸಕ್ಕೆಂದೇ ಕಚೇರಿಗಳಿವೆ. ಪರಸ್ಪರ ಒಪ್ಪದ ರಾಜತಾಂತ್ರಿಕರನ್ನು ಪತ್ರಕರ್ತರಿಲ್ಲದ ಕೋಣೆಯಲ್ಲಿ ಕೂರಿಸಿ ಮಾತಾಡಿಸುವುದು ಅಲ್ಲಿನವರ ಹಳೆಯ ರೂಢಿ. ಎಕೋಸೈಡ್ ಕರಡಿಗೆ ಈಗ ಬೇಕಾದದ್ದು ಅಂಥ ಕೋಣೆ. ಅಲ್ಲಿ ದುರಸ್ತಿಯ ಹೊಣೆ ಯಾರದು, ಹಣ ಎಲ್ಲಿಂದ, ಹಾಳಾದ ನೆಲದ ಪರವಾಗಿ ಕೋರ್ಟಿನಲ್ಲಿ ಮಾತಾಡುವವರು ಯಾರು ಎಂಬುದನ್ನು ಅಪರಾಧದ ವ್ಯಾಖ್ಯೆಯ ಜೊತೆಗೇ ಬರೆಯಬೇಕು. ಕಾನೂನು ಬಂದ ಮೇಲೆ ಸೇರಿಸೋಣ ಎಂದು ಬಿಟ್ಟರೆ, ಇನ್ನೊಂದು ತಿದ್ದುಪಡಿಗೆ ಅಷ್ಟೂ ದೇಶಗಳನ್ನು ಮತ್ತೆ ಒಪ್ಪಿಸಬೇಕಾಗುತ್ತದೆ.