ರೂಬ್ರಿಕ್ ಮತ್ತು ಕಪ್ಪಾ: ನಾನು ಎಡವಿದ ಜಾಗ

ರೂಬ್ರಿಕ್ ಅಂದರೆ ಅಂಕ ಕೊಡುವ ಕೋಷ್ಟಕ. ಎಡಗಡೆ ಏನು ನೋಡಬೇಕು, ಅದರ ಮುಂದೆ ಯಾವ ಮಟ್ಟಕ್ಕೆ ಎಷ್ಟು ಅಂಕ. ಒಟ್ಟಾರೆ ನೋಡಿ ಒಂದೇ ಅಂಕ ಹಾಕುವ ಬಗೆಯೂ ಉಂಟು. ಪ್ರೋಗ್ರಾಂ ತಿದ್ದಲು ಸಾಲು ಸಾಲಾಗಿ ಬಿಡಿಸಿದ್ದೇ ವಾಸಿ, 'ಅಂಕ ಎಲ್ಲೋಯ್ತು ಸರ್' ಅಂದಾಗ ಬೆರಳಿಟ್ಟು ತೋರಿಸಬಹುದು.

ಒದ್ದಾಡಿದ್ದು ಕಪ್ಪಾದಲ್ಲಿ, ಅಂದರೆ ತಿದ್ದಿದ ಇಬ್ಬರ ತೀರ್ಪು ಎಷ್ಟು ಹೊಂದುತ್ತದೆ ಅಂತ ಅಳೆಯುವ ಸಂಖ್ಯೆಯಲ್ಲಿ. ಮಂಡ್ಯದ ನಮ್ಮ ಲ್ಯಾಬಿನಲ್ಲಿ ನಾನೂ ಗೆಳತಿಯೂ ವಿದ್ಯಾರ್ಥಿಗಳು ಸಿ ಭಾಷೆಯಲ್ಲಿ ಬರೆದ ಕಬ್ಬಿನ ಬಿಲ್ ಲೆಕ್ಕದ 20 ಪ್ರೋಗ್ರಾಂಗಳನ್ನು ಒಬ್ಬರದೊಬ್ಬರು ನೋಡದೆ ತಿದ್ದಿದೆವು. 'ಪರೀಕ್ಷಿಸಿ ನೋಡಿದ್ದಾರಾ' ಅನ್ನುವ ಸಾಲಿನಲ್ಲಿ ಇಬ್ಬರೂ 'ಹೌದು' ಅಂದಿದ್ದು 14, ಇಬ್ಬರೂ 'ಇಲ್ಲ' ಅಂದಿದ್ದು 2. ಅವಳು ಹೌದು, ನಾನು ಇಲ್ಲ: 3. ನಾನು ಹೌದು, ಅವಳು ಇಲ್ಲ: 1. ಅಂದರೆ 20ಕ್ಕೆ 16 ಹೊಂದಿತು, 0.80. ಜಂಬ ಬಂತು.

ಆದರೆ ಕಾಕತಾಳೀಯವಾಗಿ ಹೊಂದಿದ್ದನ್ನು ಕಳೆಯಬೇಕು. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಮಾಡುವುದು ಅದನ್ನೇ. ಎರಡೇ ಉತ್ತರ ತಾನೇ, ನಾಣ್ಯ ಚಿಮ್ಮಿದ ಹಾಗೆ 0.50 ಅಂತ ಸುಮ್ನೆ ಹಿಡಿದುಬಿಟ್ಟೆ. ತಪ್ಪು! ನಮ್ಮಿಬ್ಬರಿಗೂ 'ಹೌದು' ಅನ್ನುವ ಚಾಳಿ ಜಾಸ್ತಿ. ಆ ಚಾಳಿಯಿಂದಲೇ ಲೆಕ್ಕ ಹಿಡಿಯಬೇಕು. ನನ್ನ ಹೌದು 15, ಅಂದರೆ 0.75. ಅವಳದು 17, ಅಂದರೆ 0.85. ಗುಣಿಸಿದರೆ 0.6375. ಇನ್ನು 'ಇಲ್ಲ'ಗಳು: 0.25 ಗುಣಿಸು 0.15, ಅದು 0.0375. ಇದನ್ನು ಕೂಡಿಸೋದು ಎರಡು ಸಲ ಮರೆತೆ. ಒಟ್ಟು 0.675. ಈಗ 0.80ರಲ್ಲಿ ಅದನ್ನು ಕಳೆದರೆ 0.125. ಒಂದರಲ್ಲಿ ಕಳೆದರೆ 0.325. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: ಕಪ್ಪಾ 0.38. ಜಂಬ ಇಳಿಯಿತು.

ಜಗಳದ ಆ 3 ಪ್ರೋಗ್ರಾಂಗಳಲ್ಲೂ ಒಂದೇ ತಪ್ಪು. ಕೆಜಿಯನ್ನು ಟನ್ ಮಾಡಲು 2750ನ್ನು 1000ದಿಂದ ಭಾಗಿಸಿದ್ದಾರೆ. ಎರಡೂ ಇಂಟ್, ಅಂದರೆ ಪೂರ್ಣಾಂಕ ಮಾತ್ರ ಹಿಡಿಯುವ ಬಗೆ, ಆದ್ದರಿಂದ ಸಿ ಕೊಡುವುದು ಬರೀ 2. ರೈತನ 750 ಕೆಜಿ ಕಬ್ಬು ಮಾಯ! 'ಉತ್ತರ ಸರಿಯಾ' ಸಾಲಿನಲ್ಲಿ ಕಳೆದಿದ್ದಲ್ಲದೆ, ಪರೀಕ್ಷಿಸಿದ್ದರೆ ಸಿಕ್ಕಿಬೀಳುತ್ತಿತ್ತು ಅಲ್ವಾ ಅಂತ ನಾನು ಇಲ್ಲೂ ಕಳೆದಿದ್ದೆ. ಗಾಯದ ಮೇಲೆ ಬರೆ ಎಳೆದ ಹಾಗೆ. ಗೆಳತಿ ಒಂದೇ ಕಡೆ ಕಳೆದಿದ್ದಳು, ಅವಳದೇ ಸರಿ.

ಸಾಲನ್ನು ಹೀಗೆ ಬದಲಿಸಿದೆವು: 'ಸೊನ್ನೆ, ಪೂರ್ತಿ ಟನ್, ಬಿಡಿ ಕೆಜಿ, ಈ ಮೂರರಲ್ಲಿ ಎರಡಾದರೂ ಇನ್‌ಪುಟ್ ಕೊಟ್ಟು ಬಂದ ಉತ್ತರವನ್ನು ರೆಕಾರ್ಡಿನಲ್ಲಿ ಬರೆದಿದ್ದಾರಾ?' ಉತ್ತರ ಸರಿಯೋ ತಪ್ಪೋ ಈ ಸಾಲಿಗೆ ಬೇಡ. ಮತ್ತೆ ತಿದ್ದಿದಾಗ ಆ ಮೂರೂ 'ಹೌದು' ಆದವು, ಕಪ್ಪಾ 0.77ಕ್ಕೆ ಬಂತು. ಉಳಿದ ಆ ಒಂದು ಪ್ರೋಗ್ರಾಂ ಬಗ್ಗೆ ಇನ್ನೂ ಕಿತ್ತಾಡುತ್ತಿದ್ದೇವೆ.