ಸಾಸಿವೆ ಸಿಡಿಯುವ ಹೊತ್ತು: ಮಡಿಕೇರಿಯ ಬಾಡಿಗೆ ಕೋಣೆಯ ಅಡುಗೆ ಟಿಪ್ಪಣಿ

ಮಡಿಕೇರಿಗೆ ಬಂದ ಮೊದಲ ಮಳೆಗಾಲದಲ್ಲೇ ಹೋಟೆಲ್ ಊಟ ಸಾಕಾಗಿ ಕೋಣೆಯಲ್ಲಿ ಒಲೆ ಹಚ್ಚಿದೆ. ಅಡುಗೆ ಪುಸ್ತಕ ತೆರೆದರೆ 'ರುಚಿಗೆ ತಕ್ಕಷ್ಟು', 'ಘಮ ಬರುವವರೆಗೆ' ಎಂದಿರುತ್ತಿತ್ತು. ಎಷ್ಟು ತಕ್ಕಷ್ಟು, ಯಾವ ಘಮ ಎಂದು ಸೌಟು ಹಿಡಿದು ನಿಂತದ್ದೇ ಬಂತು. ಕೆಳಗಿನ ಮನೆಯ ಅಕ್ಕ ಒಂದು ದಿನ ಮೇಲೆ ಬಂದು, ಸೀದ ಬಾಣಲೆ ನೋಡಿ, "ಮೊದಲು ಬೆಂಕಿ ನೋಡುವುದನ್ನು ಕಲಿ, ಪುಸ್ತಕ ಆಮೇಲೆ ಓದು" ಎಂದರು. ಅಲ್ಲಿಂದ ಬರೆದಿಟ್ಟುಕೊಂಡ ಟಿಪ್ಪಣಿ ಇದು. ನನ್ನಂತೆ ಸೊನ್ನೆಯಿಂದ ಶುರುಮಾಡುವವರಿಗಾಗಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮಸಾಲೆ ಡಬ್ಬಿ

ಸಾಸಿವೆ, ಜೀರಿಗೆ, ಕೊತ್ತಂಬರಿ ಬೀಜ, ಕರಿಮೆಣಸು, ಅರಿಶಿನ, ಒಣಮೆಣಸಿನಕಾಯಿ, ಇಂಗು. ಇವು ಏಳಿದ್ದರೆ ಆರು ತಿಂಗಳ ಅಡುಗೆ ನಡೆಯುತ್ತದೆ. ಏಲಕ್ಕಿ, ಲವಂಗ, ಚಕ್ಕೆಗೆ ಆಮೇಲೆ ಬನ್ನಿ. ಶುಕ್ರವಾರದ ಸಂತೆಯಲ್ಲಿ ಒಂದೊಂದನ್ನೂ 50 ಗ್ರಾಂ ಕೊಂಡರೆ ಸಾಕು. ಅರಿಶಿನ, ಇಂಗು ಬಿಟ್ಟು ಉಳಿದದ್ದನ್ನು ಇಡಿಯಾಗಿಯೇ ಕೊಳ್ಳಿ. ಮಸಾಲೆಯ ಘಮ ಇರುವುದು ಆವಿಯಾಗಿ ಹೋಗುವ ಎಣ್ಣೆಯಲ್ಲಿ. ಕಾಳು ಇಡಿಯಾಗಿದ್ದರೆ ಸಿಪ್ಪೆ ಅದನ್ನು ಕಾಯುತ್ತದೆ, ಪುಡಿಯಾದರೆ ಡಬ್ಬಿ ತೆರೆದಾಗಲೆಲ್ಲ ಒಂದಿಷ್ಟು ಹಾರಿಹೋಗುತ್ತದೆ.

ಕೊಡಗಿನ ಮಳೆಗಾಲ ಬೇರೆಯದೇ ಪಾಠ ಕಲಿಸುತ್ತದೆ. ಉಪ್ಪು ನೀರೊಡೆಯುತ್ತದೆ, ಪುಡಿಗಳು ಗಂಟು ಕಟ್ಟುತ್ತವೆ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಹಿಡಿದು ಪುಡಿ ಉದುರಿಸಬೇಡಿ, ಹಬೆ ನೇರ ಒಳಗೆ ಹೋಗುತ್ತದೆ. ಒಣ ಚಮಚದಲ್ಲಿ ತೆಗೆದು ದೂರದಿಂದ ಹಾಕಿ. ಉಪ್ಪಿನ ಡಬ್ಬಿಯಲ್ಲಿ ನಾಲ್ಕು ಕಾಳು ಅಕ್ಕಿ ಇರಲಿ.

ಇಲ್ಲಿ ಕಾಫಿ ತೋಟದ ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದದ್ದು. ಅದಕ್ಕೆ ಮುಂಚೆ ಖಾರಕ್ಕೆ ಮೆಣಸೇ ಆಸರೆಯಾಗಿತ್ತು. ಹೊಸ ಕಾಯಿಗೂ ಹಳೆಯ ಖಾರದ ಹೆಸರನ್ನೇ ಅಂಟಿಸಿ ನಮ್ಮವರು 'ಮೆಣಸಿನಕಾಯಿ' ಎಂದರು. ಅಡುಗೆಗೂ ಈ ವಿಷಯ ಬೇಕು: ಎರಡರ ಖಾರ ಒಂದೇ ಅಲ್ಲ. ಮೆಣಸಿನಕಾಯಿಯ ಖಾರ ನಾಲಿಗೆಯಲ್ಲಿ ಉರಿಯುತ್ತದೆ, ಮೆಣಸಿನದು ಗಂಟಲಿಗೆ ಇಳಿದು ಬೆಚ್ಚಗಾಗುತ್ತದೆ.

ಬೇಳೆ ಬೇಯದ ಕತೆ

ಊರಿನಲ್ಲಿ ಮೂರು ಸೀಟಿಗೆ ಕರಗುತ್ತಿದ್ದ ತೊಗರಿಬೇಳೆ ಇಲ್ಲಿ ಕಾಳುಕಾಳಾಗಿ ಉಳಿಯಿತು. ಅಂಗಡಿಯವನನ್ನು ಬೈದುಕೊಂಡೆ. ಅಸಲಿಗೆ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು 100 ಡಿಗ್ರಿಗೆ ಬದಲು 96ರ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟು ಜೋರು ಉರಿ ಹಾಕಿದರೂ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಗ್ಯಾಸ್ ಮಾತ್ರ ಖಾಲಿಯಾಗುತ್ತದೆ. ಆದ್ದರಿಂದ ಅರ್ಧ ಗಂಟೆ ನೆನೆಸಿ, ಅರ್ಧ ಲೋಟ ಬೇಳೆಗೆ ಒಂದೂವರೆ ಲೋಟ ನೀರು, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಕುಕ್ಕರ್‌ನಲ್ಲಿ ಐದು ಸೀಟಿ ಕೂಗಿಸುತ್ತೇನೆ. ಹುಣಸೆಹಣ್ಣು, ಟೊಮೆಟೊ ಬೇಳೆ ಬೆಂದ ಮೇಲೆಯೇ. ಹುಳಿ ಮೊದಲೇ ಸೇರಿದರೆ ಬೇಳೆ ಮೆತ್ತಗಾಗಲು ಹಠ ಮಾಡುತ್ತದೆ.

ಒಗ್ಗರಣೆ

ಇದನ್ನು ನಿಧಾನವಾಗಿ ಓದಿ. ಒಗ್ಗರಣೆ ಬಂದರೆ ಸಾರು, ಪಲ್ಯ, ಚಿತ್ರಾನ್ನ, ಮಜ್ಜಿಗೆ ಎಲ್ಲಕ್ಕೂ ದಾರಿಯಾಯಿತು. ಮಸಾಲೆಯ ಘಮ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ, ಎಣ್ಣೆ ಕುದಿಯುವ ನೀರಿಗಿಂತ ಬಹಳ ಹೆಚ್ಚು ಕಾಯುತ್ತದೆ. ಒಗ್ಗರಣೆಯ ಗುಟ್ಟು ಇಷ್ಟೇ. ಕಷ್ಟ ಇರುವುದು ಹಾಕುವ ಸರದಿಯಲ್ಲಿ.

ಒಂದು ದೊಡ್ಡ ಚಮಚ ಎಣ್ಣೆ ಕಾಯಿಸಿ ಒಂದೇ ಒಂದು ಸಾಸಿವೆ ಕಾಳು ಹಾಕಿ. ಅದು ತಳದಲ್ಲಿ ಸುಮ್ಮನೆ ಮಲಗಿದರೆ ಎಣ್ಣೆ ಇನ್ನೂ ಕಾದಿಲ್ಲ. ಸುತ್ತ ಸಣ್ಣ ಗುಳ್ಳೆ ಎದ್ದು ಕಾಳು ಟಪ್ಪೆಂದು ಹಾರಿದರೆ ಉಳಿದ ಅರ್ಧ ಚಮಚ ಹಾಕಿ ಮುಚ್ಚಳ ಓರೆಯಾಗಿ ಹಿಡಿಯಿರಿ. ಚಟಪಟ ಜೋರಾಗುತ್ತದೆ, ಬಳಿಕ ಬಿಡಿಬಿಡಿಯಾಗುತ್ತದೆ. ಆ ಬಿಡುವಿನಲ್ಲಿ ಉರಿ ತಗ್ಗಿಸಿ ಜೀರಿಗೆ ಹಾಕಿ. ಹತ್ತು ಸೆಕೆಂಡಿನಲ್ಲಿ ಅದು ಬಣ್ಣ ತಿರುಗುತ್ತದೆ. ಆಮೇಲೆ ಮುರಿದ ಒಣಮೆಣಸಿನಕಾಯಿ, ಅದು ಉಬ್ಬಿದೊಡನೆ ಇಂಗು, ಕಡೆಯಲ್ಲಿ ಕರಿಬೇವು, ಒಲೆ ಬಂದ್. ಮಳೆಗಾಲದ ಕರಿಬೇವನ್ನು ಬಟ್ಟೆಯಲ್ಲಿ ಒರೆಸದೆ ಹಾಕಿದರೆ ಎಣ್ಣೆ ಮುಖಕ್ಕೇ ಸಿಡಿಯುತ್ತದೆ. ನನ್ನ ಬಲಗೈಯಲ್ಲಿ ಅದರ ಗುರುತು ಇನ್ನೂ ಇದೆ.

ಸಿಡಿಯದ ಸಾಸಿವೆ ಹಲ್ಲಿಗೆ ಸಿಕ್ಕರೆ ಕಹಿ, ಸಿಡಿದದ್ದು ಹುರಿಗಡಲೆಯಂತೆ ಹಿತ. ನೀರು ಹಾಕಿ ಅರೆದ ಸಾಸಿವೆ ಮೂಗಿಗೆ ಏರುವುದಕ್ಕೆ ಕಾಳು ಒಡೆದಾಗ ಕೆಲಸ ಶುರುಮಾಡುವ ಒಂದು ಕಿಣ್ವ ಕಾರಣ. ಕಾದ ಎಣ್ಣೆಯಲ್ಲಿ ಆ ಕಿಣ್ವ ನಾಶವಾಗುವುದರಿಂದ ಒಗ್ಗರಣೆಯ ಸಾಸಿವೆಗೆ ಆ ಘಾಟು ಇಲ್ಲ. ಅರಿಶಿನ, ಖಾರದ ಪುಡಿಯಂಥವು ಬರಿಯ ಎಣ್ಣೆಗೆ ಬಿದ್ದರೆ ಕ್ಷಣದಲ್ಲಿ ಸೀಯುತ್ತವೆ. ಈರುಳ್ಳಿಯೋ ತರಕಾರಿಯೋ ಬಾಣಲೆಗೆ ಬಿದ್ದ ಮೇಲೆ ಹಾಕಿ.

ಹುರಿಯುವುದು

ಕೊಡಗಿನ ಹಂದಿ ಸಾರಿನ ಕಪ್ಪು ಮಸಾಲೆ ಹೆಸರುವಾಸಿ. ಪಂದಿ ಕರಿಯನ್ನು ನಾನು ಮಾಡುವುದಿಲ್ಲ, ಆದರೆ ಆ ಪುಡಿಯನ್ನು ಅಕ್ಕನಿಂದ ಕಲಿತು ಅಣಬೆಗೆ ಹಾಕುತ್ತೇನೆ. ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಮೆಣಸು, ಒಂದು ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ. ಎಣ್ಣೆ ಬೇಡ, ದಪ್ಪ ತಳದ ಬಾಣಲೆ, ಸಣ್ಣ ಉರಿ. ಗಾತ್ರದಲ್ಲಿ ದೊಡ್ಡದು ಮೊದಲು, ಸಣ್ಣದು ಕಡೆಗೆ. ಒಟ್ಟಿಗೆ ಸುರಿದರೆ ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ.

ಸಾರಿನ ಪುಡಿಗಾದರೆ ಬಂಗಾರದ ಬಣ್ಣಕ್ಕೆ ನಿಲ್ಲಿಸುತ್ತೇವೆ. ಇಲ್ಲಿ ಅದನ್ನು ದಾಟಿ, ಹುರಿದ ಕಾಫಿ ಬೀಜದ ಬಣ್ಣಕ್ಕೆ ಹೋಗಬೇಕು. "ಹೊಗೆ ಮೂಗಿಗೆ ಬಂದರೆ ಪರವಾಗಿಲ್ಲ, ಗಂಟಲು ಹಿಡಿದರೆ ಚೆಲ್ಲು" ಎಂಬುದು ಅಕ್ಕನ ಲೆಕ್ಕ. ಮೊದಲ ಸಲ ಬಣ್ಣ ಸರಿಯಾಗಿಯೇ ಬಂದಿತ್ತು. ಒಲೆ ಆರಿಸಿ ಮೊಬೈಲ್ ಕರೆಗೆ ಹೋದೆ. ಕಬ್ಬಿಣದ ಬಾಣಲೆಯಲ್ಲಿ ಉಳಿದ ಬಿಸಿಗೇ ಹುರಿಯುವುದು ಮುಂದುವರಿದು, ಐದು ನಿಮಿಷದಲ್ಲಿ ಎಲ್ಲ ಇದ್ದಿಲಾಗಿತ್ತು. ಒಲೆ ಆರಿಸುವ ಮುಂಚೆಯೇ ಪಕ್ಕದಲ್ಲಿ ತಟ್ಟೆ ಇಟ್ಟುಕೊಳ್ಳಿ, ಸರಿಯಾದ ಬಣ್ಣ ಕಂಡೊಡನೆ ಅದಕ್ಕೆ ಸುರಿಯಿರಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ.

ಇನ್ನೂರು ಗ್ರಾಂ ಅಣಬೆಗೆ ಈ ಪುಡಿ ಒಂದೂವರೆ ಚಮಚ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ, ಅರಿಶಿನ, ಉಪ್ಪು, ಅಣಬೆ ಹಾಕಿ. ನೀರು ಹಾಕಬೇಡಿ, ಅಣಬೆಯೇ ಬಿಡುತ್ತದೆ. ಆ ನೀರು ಇಂಗುತ್ತ ಬಂದಾಗ ಪುಡಿ. ಮಳೆಗಾಲದಲ್ಲಿ ಇಲ್ಲಿ ಕಾಡಿನ ಅಣಬೆಯೂ ಸಿಗುತ್ತದೆ. ಗುರುತಿಸಬಲ್ಲ ಹಿರಿಯರು ತಂದುಕೊಟ್ಟರೆ ಸರಿ, ಸ್ವಂತ ಸಾಹಸ ಬೇಡ.

ಕಾಚಂಪುಳಿ

ಹುಳಿಗೆ ಕೊಡಗಿನದೇ ಆದ ಕಾಚಂಪುಳಿ ಇದೆ. ಪಣಪುಳಿ ಎಂಬ ಹುಳಿ ಕಾಯಿ ಹಣ್ಣಾದಾಗ ಅದರಿಂದ ಇಳಿದ ರಸವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪಾಗಿ, ಗಟ್ಟಿಯಾಗಿ ಬತ್ತಿಸಿದ್ದು. ಬಾಟಲಿ ವರ್ಷಗಟ್ಟಲೆ ಕೆಡುವುದಿಲ್ಲ. ನಾನು ಹುಣಸೆ ರಸದ ಅಂದಾಜಿನಲ್ಲಿ ಎರಡು ಚಮಚ ಸುರಿದು, ಆ ರಾತ್ರಿ ಮೊಸರನ್ನದಲ್ಲಿ ಮುಗಿಸಿದೆ. ಮೇಲಿನ ಅಳತೆಯ ಅಣಬೆಗೆ ಅರ್ಧ ಚಮಚವೂ ಹೆಚ್ಚು. ಇಳಿಸುವ ಮುಂಚೆ ಕೆಲವು ಹನಿ ಹಾಕಿ ರುಚಿ ನೋಡಿ, ಮತ್ತೆ ಕೆಲವು ಹನಿ. ಹುಳಿ ಮಿತಿಮೀರಿದರೆ ಸಕ್ಕರೆ ಹಾಕಿ ಮುಚ್ಚಿಡಲು ಹೋಗಬೇಡಿ, ಬೇಯಿಸಿದ ಆಲೂಗಡ್ಡೆ ಸೇರಿಸಿ ಪದಾರ್ಥವನ್ನೇ ಹೆಚ್ಚಿಸಿ.

ಜೊತೆಗೆ ಅನ್ನ ಸಾಕು. ಕಡಂಬುಟ್ಟು, ಅಂದರೆ ಕೊಡಗಿನ ಅಕ್ಕಿ ತರಿಯ ಉಂಡೆ, ಮಾಡುವ ಆಸೆಯಿದ್ದರೆ ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ನೀರು, ಉಪ್ಪು. ಕುದಿಯುವ ನೀರಿಗೆ ತರಿ ಉದುರಿಸಿ, ಉಪ್ಪಿಟ್ಟಿನಂತೆ ಗಟ್ಟಿಯಾಗುವವರೆಗೆ ಕೈಯಾಡಿಸಿ. ಕೈಗೆ ನೀರು ಮುಟ್ಟಿಸಿಕೊಂಡು, ಬೆಚ್ಚಗಿರುವಾಗಲೇ ನಾದಿ ಉಂಡೆ ಕಟ್ಟಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಪೂರ್ತಿ ಆರಲು ಬಿಟ್ಟರೆ ಉಂಡೆ ಬಿರುಕು ಬಿಡುತ್ತದೆ. ನನ್ನದು ಮೂರರಲ್ಲಿ ಒಂದು ಈಗಲೂ ಬಿಡುತ್ತದೆ.